ಬಾಯಿಯ ದುರ್ವಾಸನೆ: ಅದರ ಮೂಲವೂ ಮನೆಯಲ್ಲಿ ಮಾಡತಕ್ಕ ಉಪಾಯಗಳೂ

ಒಬ್ಬನ ಅಂಗಿಯು ಬೆನ್ನಿನ ಕಡೆ ಹರಿದಿದ್ದರೆ ನೆರೆಯವನು ಅದನ್ನು ಅವನಿಗೆ ತಿಳಿಸುವನು. ಬಂಡಿಯ ಕಡಾಣಿ ಕಳಚುತ್ತಿದ್ದರೆ ದಾರಿಯಲ್ಲಿ ಹೋಗುವ ಅಪರಿಚಿತನು ಸಹ ಕೂಗಿ ಹೇಳುವನು. ಆದರೆ ಒಬ್ಬನ ಬಾಯಿ ನಾರುತ್ತಿದ್ದರೆ ಅದನ್ನು ಅವನಿಗೆ ಹೇಳುವವರು ಬಹು ವಿರಳ. ಎರಡು ಹೆಜ್ಜೆ ಹಿಂದಕ್ಕೆ ಸರಿಯುವರು, ಮುಖವನ್ನು ಓರೆಮಾಡುವರು, ಸೆರಗನ್ನು ಮೂಗಿಗೆ ಹಿಡಿಯುವರು, ಹೋದ ಮೇಲೆ ತಮ್ಮತಮ್ಮೊಳಗೆ ಆಡಿಕೊಳ್ಳುವರು. ಎದುರಿಗೆ ಮಾತ್ರ ಒಂದು ಮಾತೂ ಇಲ್ಲ. ಆ ಮನುಷ್ಯನಿಗಾದರೋ ತನ್ನ ಅವಸ್ಥೆ ತಿಳಿಯದು. ಯಾಕಂದರೆ ಮೂಗು ತನ್ನದೇ ಬಾಯಿಯ ವಾಸನೆಗೆ ಒಗ್ಗಿಹೋಗಿರುವದು. ತೊಗಲು ಹದಮಾಡುವವನಿಗೆ ತೊಗಲಿನ ನಾತ ತಿಳಿಯದಂತೆಯೇ ಇದೂ ಸರಿ.

ಈ ವಿಷಯವನ್ನು ನಾನು ಪುಸ್ತಕದಿಂದ ಮೊದಲು ಕಲಿಯಲಿಲ್ಲ. ಎರಡು ವರುಷಗಳ ಕೆಳಗೆ ಒಂದು ಸಾಯಂಕಾಲ ನನ್ನ ಕಿರಿಯ ಮಗಳನ್ನು ಹತ್ತಿರ ಕುಳ್ಳಿರಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದೆನು. ಏಳರ ಮಗ್ಗಿಯ ನಡುವೆ ಅವಳು ಮುಖವನ್ನು ಆಚೆಗೆ ತಿರುಗಿಸಿ, "ಅಪ್ಪಾ, ನಿನ್ನ ಬಾಯಿ ನಾರತೈತಿ" ಅಂದಳು. ನಾನು ಅವಳ ತಾಯಿಯ ಕಡೆಗೆ ನೋಡಿದೆನು. ಆಕೆ ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದಳು, ಸುಮ್ಮನಿದ್ದಳು. ಒಂದು ವರುಷದಿಂದಲೂ ಆಕೆಗೆ ಅದು ತಿಳಿದಿತ್ತೆಂದೂ ನನ್ನ ಮನಸ್ಸು ನೊಂದೀತೆಂದು ಹೇಳಲಿಲ್ಲವೆಂದೂ ಆ ರಾತ್ರಿ ಗೊತ್ತಾಯಿತು. ಆ ಒಂದು ವರುಷದಲ್ಲಿ ನಾನು ಎಷ್ಟು ಮಂದಿ ರೋಗಿಗಳ ಮಂಚದ ಹತ್ತಿರ ಬೊಗ್ಗಿ ಮಾತಾಡಿದ್ದೆನೋ, ಎಷ್ಟು ಮಂದಿ ಅದನ್ನು ತಾಳಿಕೊಂಡು ನನಗೆ ವಂದನೆ ಹೇಳಿ ಕಳುಹಿಸಿದ್ದರೋ ಎಂದು ನೆನಸಿದಾಗ ನನಗೆ ನಿದ್ರೆ ಹತ್ತಲಿಲ್ಲ.

ಇದು ಕೇವಲ ನಾಚಿಕೆಯ ಸಂಗತಿಯಲ್ಲ. ಇದರಿಂದ ಮನೆಗಳು ಒಡೆಯುವದುಂಟು. ಯೋಬನ ಗ್ರಂಥದ 19ನೆಯ ಅಧ್ಯಾಯವನ್ನು ಓದಿದವರಿಗೆ ನೆನಪಿರಬಹುದು: ಆ ಭಕ್ತನು ತನ್ನ ಕಷ್ಟಗಳನ್ನು ಎಣಿಸುವಾಗ, ತನ್ನ ಉಸಿರು ತನ್ನ ಹೆಂಡತಿಗೇ ಹೇಸಿಗೆಯಾಯಿತೆಂಬದನ್ನೂ ಅವುಗಳೊಂದಿಗೆ ಸೇರಿಸಿ ಹೇಳುತ್ತಾನೆ. ನಾನು ಬಲ್ಲ ಒಂದು ಹಳ್ಳಿಯಲ್ಲಿ ಇದೇ ಸಂಗತಿಯು ತಿರುಗುಮುರುಗಾಗಿ ನಡೆಯಿತು. ಒಬ್ಬ ಸೊಸೆಯು, ವಯಸ್ಸು ಇಪ್ಪತ್ತನಾಲ್ಕು, ಎರಡನೆಯ ಹೆರಿಗೆಯ ತರುವಾಯ ಯಾವಾಗಲೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಮಾತಾಡುವಳು. ಗಂಡನು ಪಡಸಾಲೆಯಲ್ಲಿ ಮಲಗತೊಡಗಿದನು. ಅತ್ತೆಯು, ಹುಡುಗಿಯ ಹೊಟ್ಟೆ ಕೊಳೆತಿದೆ ಎಂದು ತೀರ್ಮಾನಿಸಿ ವಾರಕ್ಕೊಮ್ಮೆ ಹರಳೆಣ್ಣೆ ಕುಡಿಸಿದಳು. ಹುಡುಗಿಯು ಸೊರಗಿದಳೇ ಹೊರತು ವಾಸನೆ ಹೋಗಲಿಲ್ಲ. ಕೊನೆಗೆ ಅವಳನ್ನು ತವರಿಗೆ ಕಳುಹಿಸಿದರು. ಕರೆಯುವದಕ್ಕೆ ಯಾರೂ ಹೋಗಲಿಲ್ಲ. ತವರಿನವರು ಬೇರೊಂದು ಕಾರಣಕ್ಕಾಗಿ, ಅಂದರೆ ದವಡೆಯ ನೋವಿಗಾಗಿ, ಅವಳನ್ನು ತಾಲೂಕಿನ ದವಾಖಾನೆಗೆ ಕರಕೊಂಡು ಹೋದಾಗ ಹಲ್ಲಿನ ವೈದ್ಯರು ಬಾಯಿ ತೆರೆಸಿ ನೋಡಿದರು. ಕೆಳಗಿನ ಒಂದು ದವಡೆಹಲ್ಲು ಬೇರಿನ ತನಕ ಹುಳುಕಾಗಿತ್ತು. ಒಸಡುಗಳೆಲ್ಲಾ ಊದಿ, ಮುಟ್ಟಿದರೆ ರಕ್ತ ಬರುತ್ತಿತ್ತು. ಹಲ್ಲುಗಳ ಹಿಂಬದಿಯಲ್ಲಿ ಪಾಚಿಯು ಕಲ್ಲಿನಂತೆ ಗಟ್ಟಿಯಾಗಿತ್ತು. ಆ ಹಲ್ಲನ್ನು ಕಿತ್ತು ಉಳಿದವುಗಳನ್ನು ಎರಡು ಸಾರಿ ಕೆರೆದು ಶುದ್ಧಮಾಡಿದರು. ಒಂದು ತಿಂಗಳೊಳಗೆ ವಾಸನೆಯಿಲ್ಲ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಹರಳೆಣ್ಣೆಯೆಲ್ಲಾ ವ್ಯರ್ಥ.

ವಾಸನೆ ಹುಟ್ಟುವ ಸ್ಥಳ

ಹೊಟ್ಟೆಯೇ ಇದಕ್ಕೆ ಕಾರಣವೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿ ಬೇರೂರಿರುವದರಿಂದ ಮೊದಲು ಅದನ್ನೇ ವಿಚಾರಿಸುವ. ಅನ್ನನಾಳವು ಯಾವಾಗಲೂ ತೆರೆದಿರುವ ಕೊಳವೆಯಲ್ಲ. ನಾವು ನುಂಗುವಾಗ ತೆರೆದು, ಮಿಕ್ಕ ಸಮಯದಲ್ಲಿ ಅದು ಮುಚ್ಚಿಕೊಂಡಿರುವದು. ತೇಗು ಬಂದಾಗ ಹೊಟ್ಟೆಯ ಗಾಳಿ ಒಂದು ಕ್ಷಣ ಮೇಲಕ್ಕೆ ಬರುವದು ನಿಜ. ಆದರೆ ದಿನವೆಲ್ಲಾ ಇರುವ ದುರ್ವಾಸನೆಗೆ ಹೊಟ್ಟೆಯು ಕಾರಣವಾಗಿರುವದು ಬಹಳ ಅಪರೂಪ. ಬೆಲ್ಜಿಯಂ ದೇಶದ ಲೂವೆನ್ ಎಂಬ ಪಟ್ಟಣದಲ್ಲಿ ಬಾಯಿವಾಸನೆಗೆಂದೇ ಒಂದು ಚಿಕಿತ್ಸಾಲಯವುಂಟು. ಅಲ್ಲಿಗೆ ಬಂದ 2000 ಮಂದಿಯನ್ನು ಪರೀಕ್ಷಿಸಿದ ವಿವರವನ್ನು ಅಲ್ಲಿಯ ವೈದ್ಯರು 2009ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ಸುಮಾರು 76 ಮಂದಿಗೆ ಕಾರಣವು ಬಾಯೊಳಗೇ ಇತ್ತು, ಅಂದರೆ ನಾಲಿಗೆಯ ಮೇಲಿನ ಲೇಪ, ಒಸಡಿನ ರೋಗ, ಇಲ್ಲವೆ ಇವೆರಡೂ. ಕಿವಿ ಮೂಗು ಗಂಟಲುಗಳೂ ದೇಹದ ಬೇರೆ ಭಾಗಗಳೂ ಸೇರಿ ನೂರಕ್ಕೆ ನಾಲ್ಕರಷ್ಟು ಮಾತ್ರ. ಇನ್ನೊಂದು ಆಶ್ಚರ್ಯವಾದ ಸಂಗತಿ ಏನಂದರೆ, ನೂರಕ್ಕೆ ಸುಮಾರು 16 ಮಂದಿಗೆ ದುರ್ವಾಸನೆಯೇ ಇರಲಿಲ್ಲ. ಇದೆಯೆಂದು ಹೆದರಿಕೊಂಡು ಬಂದಿದ್ದರು. ಅವರ ಮಾತನ್ನು ಕೊನೆಯಲ್ಲಿ ಹೇಳುವೆನು.

ಬಾಯೊಳಗೆ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ವಾಸವಾಗಿವೆ. ಅವುಗಳಲ್ಲಿ ಕೆಲವು ಗಾಳಿಯು ತಲಪದ ಸ್ಥಳಗಳನ್ನು ಮೆಚ್ಚುವವು: ನಾಲಿಗೆಯ ಹಿಂಭಾಗದ ಸಂದುಗಳು, ಹಲ್ಲು ಹಲ್ಲಿನ ನಡುವೆ, ಒಸಡಿನ ಕೆಳಗಿನ ಚೀಲಗಳು. ಸಿಕ್ಕಿಕೊಂಡ ಆಹಾರವನ್ನೂ, ಬಾಯಿಯ ಒಳಚರ್ಮದಿಂದ ಉದುರುವ ಸತ್ತ ಕಣಗಳನ್ನೂ, ಒಸಡಿನಿಂದ ಒಸರುವ ರಕ್ತವನ್ನೂ ಇವು ತಿಂದು ಒಡೆಯುವಾಗ ಗಂಧಕದಿಂದ ಕೂಡಿದ ಕೆಲವು ಅನಿಲಗಳು ಹುಟ್ಟುವವು. ಅವುಗಳಲ್ಲಿ ಒಂದು, ಕೊಳೆತ ಕೋಳಿಮೊಟ್ಟೆಯಲ್ಲಿ ನಾರುವ ಅನಿಲವೇ. ಇದನ್ನು ತಿಳಿದುಕೊಂಡರೆ ಮುಂದಿನ ಉಪಾಯಗಳಲ್ಲಿ ಯಾವದು ಬೇರನ್ನು ಕಡಿಯುವದು, ಯಾವದು ಎಲೆಯನ್ನು ಮಾತ್ರ ಮುಚ್ಚುವದು ಎಂದು ನೀವೇ ವಿಂಗಡಿಸಬಹುದು.

ಈ ಜೀವಿಗಳನ್ನು ಮೊದಲು ಕಂಡವನು ವೈದ್ಯನಲ್ಲ. ಹಾಲೆಂಡ್ ದೇಶದ ಡೆಲ್ಫ್ಟ್ ಊರಿನಲ್ಲಿ ಲೇವನ್‌ಹುಕ್ ಎಂಬ ಜವಳಿ ವ್ಯಾಪಾರಿಯು ತಾನೇ ಉಜ್ಜಿ ಮಾಡಿದ ಮಸೂರಗಳಿಂದ ತನ್ನ ಹಲ್ಲುಸಂದಿನ ಬಿಳಿಯ ಪಾಚಿಯನ್ನು ನೋಡಿ, ಅದರಲ್ಲಿ ಓಡಾಡುವ ಜೀವಿಗಳ ವಿಷಯವಾಗಿ 1683ರಲ್ಲಿ ಲಂಡನಿನ ರಾಯಲ್ ಸೊಸೈಟಿಗೆ ಪತ್ರ ಬರೆದನು. ಅವನು ದಿನಾಲು ಉಪ್ಪಿನಿಂದ ಹಲ್ಲುಜ್ಜುವವನು. ಜನ್ಮದಲ್ಲಿ ಬಾಯಿ ತೊಳೆಯದ ಒಬ್ಬ ಮುದುಕನ ಹಲ್ಲಿನ ಪಾಚಿಯನ್ನೂ ಪರೀಕ್ಷಿಸಿದನು. ಅಲ್ಲಿಯಂತೂ ಅವು ಹಿಂಡುಹಿಂಡಾಗಿದ್ದವು. ಅನಂತರ ತನ್ನ ಬಾಯನ್ನು ಕಡು ಹುಳಿಯಾದ ದ್ರಾಕ್ಷಾರಸದ ಕಾಡಿಯಿಂದ ಮುಕ್ಕಳಿಸಿ ನೋಡಿದನು. ಹಲ್ಲಿನ ಸಂದಿನಲ್ಲಿದ್ದ ಪಾಚಿಯೊಳಗೆ ಅವು ಇನ್ನೂ ಬದುಕಿದ್ದವು! ಮುಕ್ಕಳಿಸುವದು ಮಾತ್ರವೇ ಸಾಲದು, ಪಾಚಿಯನ್ನು ಕೆರೆದು ತೆಗೆಯಬೇಕು ಎಂಬ ಪಾಠವು ಅಂದಿನಿಂದಲೇ ನಮ್ಮ ಮುಂದೆ ಇದೆ.

ಬೆಳಗಿನ ಜಾವದ ವಾಸನೆಗೆ ಯಾರೂ ಹೆದರಬೇಕಾಗಿಲ್ಲ. ಆರೋಗ್ಯವಂತನಲ್ಲಿ ಹಗಲೂ ರಾತ್ರಿಯೂ ಸೇರಿ ಅರ್ಧದಿಂದ ಒಂದೂವರೆ ಲೀಟರಿನ ವರೆಗೆ ಜೊಲ್ಲು ಊರುವದು. ಅದೇ ಬಾಯನ್ನು ತೊಳೆಯುವ ಕಾಲುವೆ. ನಿದ್ರೆಯಲ್ಲಿ ಆ ಕಾಲುವೆ ಬಹುಮಟ್ಟಿಗೆ ಬತ್ತುವದರಿಂದ ಎದ್ದಾಗ ಎಲ್ಲರ ಬಾಯೂ ಸ್ವಲ್ಪ ನಾರುವದು. ತೊಳೆದು ಉಂಡ ಮೇಲೆ ಹೋಗುವದು. ಬಾಯಿಂದ ಉಸಿರಾಡಿಸುವವರಿಗೆ, ಉಪವಾಸವಿದ್ದವರಿಗೆ, ಬಿಸಿಲಲ್ಲಿ ನೀರು ಕುಡಿಯದೆ ಕಳೆ ಕೀಳುವವರಿಗೆ, ಕೆಲವು ಔಷಧಗಳಿಂದ ಬಾಯಿ ಒಣಗುವವರಿಗೆ ಅದು ಹಗಲಿನಲ್ಲಿಯೂ ಬರುವದು. ಹೊಲಕ್ಕೆ ಹೋಗುವಾಗ ನೀರಿನ ತಂಬಿಗೆಯನ್ನು ಮರೆಯದಿರುವದು ಎಲ್ಲಕ್ಕಿಂತ ಅಗ್ಗವಾದ ಉಪಾಯ.

ನಿಮಗೆ ಇದೆಯೋ ಇಲ್ಲವೋ ತಿಳಿಯಬೇಕಾದರೆ, ಶುಭ್ರವಾದ ಬಿಳೀ ಅರಿವೆಯ ತುಂಡಿನಿಂದ ನಾಲಿಗೆಯ ಹಿಂಭಾಗವನ್ನು ಒರಸಿ, ಸ್ವಲ್ಪ ಹೊತ್ತು ಬಿಟ್ಟು ಮೂಸಿ ನೋಡಿರಿ. ಅರಿವೆಗೆ ಹಳದಿ ಬಣ್ಣ ಹತ್ತಿದರೆ ಅಲ್ಲಿ ಲೇಪವು ದಪ್ಪಗಿದೆಯೆಂದು ತಿಳಿಯಿರಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ, ನಂಬಿಗೆಯುಳ್ಳ ಒಬ್ಬರನ್ನು ಕೇಳುವದು. ಮಗುವಾದರೆ ಇನ್ನೂ ಒಳ್ಳೇದು.

ನಾಲಿಗೆ

ನನ್ನ ಅನುಭವದಲ್ಲಿ ಎಲ್ಲಾ ಉಪಾಯಗಳಲ್ಲಿ ಮೊದಲನೆಯದು ಇದೇ. ಆದರೂ ಜನರು ಹೆಚ್ಚಾಗಿ ಅಲಕ್ಷ್ಯಮಾಡುವದೂ ಇದನ್ನೇ. ಹಲ್ಲುಗಳನ್ನು ಹೊಳೆಯುವಂತೆ ಉಜ್ಜಿ, ನಾಲಿಗೆಯನ್ನು ಹಾಗೆಯೇ ಬಿಡುವವನು, ಅಂಗಳ ಗುಡಿಸಿ ಕೊಟ್ಟಿಗೆಯನ್ನು ಬಿಟ್ಟವನ ಹಾಗೆ ಇದ್ದಾನೆ. ನಾನೇ ಅಂಥವನಾಗಿದ್ದೆನು. ನಮ್ಮ ಹಿರಿಯರಿಗೆ ಇದು ತಿಳಿದಿತ್ತು: ಚರಕಸಂಹಿತೆಯಲ್ಲಿ ನಾಲಿಗೆ ಹೆರೆಯುವದಕ್ಕೆ ಬಂಗಾರ, ಬೆಳ್ಳಿ, ತಾಮ್ರ ಮೊದಲಾದ ಲೋಹಗಳ ಪಟ್ಟಿಗಳನ್ನು ವಿಧಿಸಿದೆ. ನಮಗೆ ಬಂಗಾರ ಬೇಡ. ಹಲ್ಲುಜ್ಜಿದ ಬೇವಿನ ಕಡ್ಡಿಯನ್ನೇ ಉದ್ದಕ್ಕೆ ಸೀಳಿ, ಅದರ ಒಂದು ಸೀಳನ್ನು ಬಿಲ್ಲಿನಂತೆ ಬಾಗಿಸಿದರೆ ಆಯಿತು. ತೆಂಗಿನ ಗರಿಯ ಕಡ್ಡಿಯ ಸೀಳೂ ಆಗಬಹುದು. ಸಂತೆಯಲ್ಲಿ ತಾಮ್ರದ್ದೂ ಉಕ್ಕಿನದೂ ಸ್ವಲ್ಪ ಹಣಕ್ಕೆ ದೊರೆಯುವದು. ಒಂದನ್ನು ಕೊಂಡರೆ ಅನೇಕ ವರುಷ ಬಾಳುವದು. ಆದರೆ ಮನೆಮಂದಿಗೆಲ್ಲಾ ಒಂದೇ ಪಟ್ಟಿ ಕೂಡದು, ಒಬ್ಬೊಬ್ಬರಿಗೆ ಒಂದೊಂದು ಇರಬೇಕು.

ಮಾಡುವ ಕ್ರಮ ಹ್ಯಾಗಂದರೆ: ಕನ್ನಡಿಯ ಮುಂದೆ ನಿಂತು ನಾಲಿಗೆಯನ್ನು ಪೂರಾ ಚಾಚಿರಿ. ಉಸಿರನ್ನು ಮೆಲ್ಲಗೆ ಹೊರಗೆ ಬಿಡುತ್ತಾ, ಪಟ್ಟಿಯನ್ನು ಆದಷ್ಟು ಹಿಂದಕ್ಕೆ ಇಟ್ಟು ಮುಂದಕ್ಕೆ ಎಳೆಯಿರಿ. ಬಂದ ಲೋಳೆಯನ್ನು ನೀರಲ್ಲಿ ತೊಳೆದು ತಿರಿಗಿ ಎಳೆಯಿರಿ. ನಾಲ್ಕೈದು ಸಾರಿ ಸಾಕು. ಮುಂದಿನ ತುದಿಯಲ್ಲಿ ಕೊಳೆ ಕಡಿಮೆ. ಹಿಂದಿನ ಮೂರರಲ್ಲೊಂದು ಭಾಗದಲ್ಲಿಯೇ ಅದು ಅಡಗಿರುವದು. ಮೊದಲ ದಿನಗಳಲ್ಲಿ ಓಕರಿಕೆ ಬರುವದು. ಉಸಿರು ಬಿಡುತ್ತಾ ಮಾಡಿದರೆ ಕಡಿಮೆಯಾಗುವದು, ವಾರದಲ್ಲಿ ಅಭ್ಯಾಸವಾಗುವದು. ಕೆಲವರು ಹಿತ್ತಿಲಲ್ಲಿ ನಿಂತು ಊರಿಗೆಲ್ಲಾ ಕೇಳುವಂತೆ ಕ್ಯಾಕರಿಸಿ ನಾಲಿಗೆ ಉಜ್ಜುವರು. ಆ ಸದ್ದಿನಿಂದ ಕೊಳೆ ಹೋಗುವದಿಲ್ಲ. ರಕ್ತ ಬರುವಂತೆ ಹೆರೆಯಲೂ ಕೂಡದು, ಯಾಕಂದರೆ ಗಾಯವಾದ ನಾಲಿಗೆಯು ಇನ್ನೊಂದು ರೋಗಕ್ಕೆ ಬಾಗಿಲು. ಬೆಳಿಗ್ಗೆ ಒಂದು ಸಾರಿ, ರಾತ್ರಿ ಮಲಗುವ ಮೊದಲು ಒಂದು ಸಾರಿ ಮಾಡತಕ್ಕದ್ದು. ರಾತ್ರಿಯದನ್ನು ಬಿಡಬೇಡಿರಿ. ಜೊಲ್ಲಿನ ಕಾಲುವೆ ಬತ್ತುವ ಹೊತ್ತು ಅದೇ.

ಹಲ್ಲುಜ್ಜುವ ವಿಷಯ

ಬೇವು, ಹೊಂಗೆ, ಜಾಲಿ ಇವುಗಳ ಎಳೆಕಡ್ಡಿಗಳು ಒಳ್ಳೆಯವು. ಕಿರುಬೆರಳಿನ ದಪ್ಪದ, ಗೇಣುದ್ದದ ಹಸಿ ಕಡ್ಡಿಯನ್ನು ಮುರಿದು, ತುದಿಯನ್ನು ಜಗಿದು ಕುಂಚದಂತೆ ಮಾಡಿ, ಒಸಡಿನ ಕಡೆಯಿಂದ ಹಲ್ಲಿನ ತುದಿಯ ಕಡೆಗೆ ಉಜ್ಜಬೇಕು. ಕಡ್ಡಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೊಲದ ಬದುವಿನ ಮೇಲೆ ತಿರುಗಾಡುವದು ಹಲ್ಲುಜ್ಜುವದಲ್ಲ. ಹಲ್ಲಿನ ಹಿಂಬದಿಯನ್ನು ಕಡ್ಡಿಯು ಸುಲಭವಾಗಿ ತಲಪದಾದದರಿಂದ ಅಲ್ಲಿ ಹೆಚ್ಚು ಶ್ರದ್ಧೆ ಬೇಕು. ಮೇಲೆ ಹೇಳಿದ ಸೊಸೆಯ ಪಾಚಿಯೆಲ್ಲಾ ಹಿಂಬದಿಯಲ್ಲೇ ಇತ್ತೆಂಬದನ್ನು ನೆನಪಿಡಿರಿ. ಒಂದು ಎಚ್ಚರಿಕೆ: ಗೊತ್ತಿಲ್ಲದ ಗಿಡದ ಕಡ್ಡಿಯನ್ನು ಮುರಿಯಬೇಡಿರಿ. ಕಣಗಿಲೆಯು ವಿಷವುಳ್ಳದ್ದು, ಅದನ್ನು ಬಾಯಿಗೆ ಇಡಲೇ ಬಾರದು. ಕುಂಚ ಮತ್ತು ಪೇಸ್ಟು ಉಪಯೋಗಿಸುವವರು ಮೃದುವಾದ ಕುಂಚವನ್ನು ಕೊಳ್ಳಲಿ. ಫ್ಲೋರೈಡ್ ಇರುವ ಪೇಸ್ಟು ಹಲ್ಲು ಹುಳುಕಾಗುವದನ್ನು ತಡೆಯುವದು. ಈ ಗುಣವು ಕಡ್ಡಿಯಲ್ಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಇದ್ದಲಿನ ಪುಡಿ, ಇಟ್ಟಂಗಿಯ ಪುಡಿ, ಮರಳು ಬೆರೆತ ಬೂದಿ ಇವು ಹಲ್ಲನ್ನು ಬೆಳ್ಳಗೆ ಮಾಡುವಂತೆ ತೋರುವವು. ನಿಜವಾಗಿ ಅವು ಹಲ್ಲಿನ ಮೇಲಣ ಗಟ್ಟಿಯಾದ ಹೊದಿಕೆಯನ್ನು ತೇಯುವವು. ಒಂದು ಸಾರಿ ತೇದುಹೋದ ಹೊದಿಕೆ ಪುನಃ ಬೆಳೆಯುವದಿಲ್ಲ. ನಿಂಬೆಹಣ್ಣಿನಿಂದ ಹಲ್ಲು ತಿಕ್ಕುವದೂ ಹಾಗೆಯೇ. ಹುಳಿಯು ಆ ಹೊದಿಕೆಯನ್ನು ಕರಗಿಸುವದು. ನಿಂಬೆಯನ್ನು ಸಾರಿಗೆ ಹಿಂಡಿರಿ, ಹಲ್ಲಿಗೆ ಬೇಡ.

ಮುಕ್ಕಳಿಸುವ ನೀರುಗಳು

ಪ್ರತಿ ಊಟವಾದ ಮೇಲೆ ಬರೇ ನೀರಿನಿಂದ ಬಾಯಿ ಮುಕ್ಕಳಿಸುವದು ನಮ್ಮ ದೇಶದ ಒಳ್ಳೆಯ ಪದ್ಧತಿ. ಪಟ್ಟಣ ಸೇರಿದ ನಮ್ಮ ಮಕ್ಕಳು ಕೈಯನ್ನು ಕಾಗದಕ್ಕೆ ಒರಸಿ ಏಳುವದನ್ನು ಕಲಿತು ಇದನ್ನು ಮರೆಯುತ್ತಿರುವದು ನನಗೆ ಸರಿಕಾಣುವದಿಲ್ಲ. ಒಸಡು ಊದಿದವರು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಅರ್ಧ ನಿಮಿಷದ ತನಕ ಬಾಯೊಳಗೆ ಆಡಿಸಿ, ಗಂಟಲಲ್ಲಿ ಗಳಗಳಿಸಿ ಉಗುಳಬೇಕು. ನುಂಗಬಾರದು, ರಕ್ತದೊತ್ತಡವಿರುವವರು ಮುಖ್ಯವಾಗಿ ಇದನ್ನು ಗಮನಿಸಬೇಕು. ಅಷ್ಟೇ ಪ್ರಮಾಣದ ಅಡಿಗೆ ಸೋಡವನ್ನು ಕಲಸಿ ಮುಕ್ಕಳಿಸಿದರೆ ಬಾಯಿಯ ಹುಳಿ ತಗ್ಗುವದು. ಆದರೆ ಅಡಿಗೆ ಸೋಡ ಬೇರೆ, ಬಟ್ಟೆ ಒಗೆಯುವ ಸೋಡ ಬೇರೆ. ಎರಡೂ ಬಿಳೀ ಪುಡಿಗಳೇ; ಎರಡನೆಯದು ಬಾಯನ್ನು ಸುಡುವದು. ಡಬ್ಬಿಯ ಮೇಲೆ ಹೆಸರು ಬರೆದಿಡಿರಿ.

ಪೇರಲದ ಎಳೆಯ ಎಲೆಗಳನ್ನು ಐದಾರು ತಂದು ತೊಳೆದು, ಎರಡು ಲೋಟ ನೀರಲ್ಲಿ ಒಂದು ಲೋಟವಾಗುವ ತನಕ ಕುದಿಸಿ, ಆರಿಸಿ ಮುಕ್ಕಳಿಸುವರು. ಆ ಎಲೆಯ ಒಗರಿನಿಂದ ಒಸಡು ಬಿಗಿಯುವದು. ಅಳಲೆಕಾಯಿಯ ಕಷಾಯವೂ ಅದೇ ಜಾತಿಯದು.

ಎಳ್ಳೆಣ್ಣೆಯಿಂದ ಬಾಯಿ ಮುಕ್ಕಳಿಸುವ ಹಳೇ ಪದ್ಧತಿಯ ವಿಷಯವಾಗಿ ಅನೇಕರು ಕೇಳುತ್ತಾರೆ. 2011ರಲ್ಲಿ ತಮಿಳುನಾಡಿನ ದಂತವೈದ್ಯರು ಹರೆಯದ 20 ಮಂದಿಯ ಮೇಲೆ ಇದನ್ನು ಪರೀಕ್ಷಿಸಿ, ದವಾಖಾನೆಗಳಲ್ಲಿ ಕೊಡುವ ಮುಕ್ಕಳಿಸುವ ಔಷಧಕ್ಕೆ ಇದು ವಾಸನೆಯ ವಿಷಯದಲ್ಲಿ ಸರಿದೊರೆಯಾಗಿತ್ತೆಂದು ಬರೆದರು. 20 ಮಂದಿಯ ಪರೀಕ್ಷೆ ಚಿಕ್ಕದೇ ಸರಿ. ಆದದರಿಂದ ಎಣ್ಣೆಯು ಸರ್ವರೋಗಕ್ಕೂ ಮದ್ದೆಂದು ಸಾರುವವರ ಮಾತನ್ನು ನಂಬಬೇಡಿರಿ. ಮಾಡಬೇಕೆನ್ನುವವರು ಬರೀ ಹೊಟ್ಟೆಯಲ್ಲಿ ಒಂದು ಚಮಚ ಎಣ್ಣೆಯನ್ನು ಬಾಯೊಳಗೆ ಹತ್ತು ನಿಮಿಷ ಆಡಿಸಿ, ಬೆಳ್ಳಗೆ ತೆಳ್ಳಗಾದ ಮೇಲೆ ಉಗುಳಲಿ. ನುಂಗಕೂಡದು. ಚಿಕ್ಕ ಮಕ್ಕಳಿಗೂ ನುಂಗಲು ಕಷ್ಟಪಡುವ ಮುದುಕರಿಗೂ ಇದನ್ನು ಮಾಡಿಸಲೇ ಬಾರದು, ಯಾಕಂದರೆ ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಬೇರೊಂದು ದೊಡ್ಡ ರೋಗವಾಗುವದು.

ಅಂಗಡಿಯಲ್ಲಿ ಬಣ್ಣಬಣ್ಣದ ಸೀಸೆಗಳಲ್ಲಿ ಮಾರುವ ನೀರುಗಳಲ್ಲಿ ಹೆಸರಾದದ್ದು ಲಿಸ್ಟರೀನ್. ಅದು 1879ರಲ್ಲಿ ಅಮೆರಿಕದಲ್ಲಿ ಶಸ್ತ್ರವೈದ್ಯರ ಉಪಯೋಗಕ್ಕಾಗಿ ಹುಟ್ಟಿದ್ದು. 1920ರ ತರುವಾಯದ ವರುಷಗಳಲ್ಲಿ ಅದನ್ನು ಬಾಯಿವಾಸನೆಯ ಮದ್ದೆಂದು ಜಾಹೀರಾತು ಮಾಡಿದರು. ಮದುವೆಯಾಗದೆ ಉಳಿದ ಕನ್ಯೆಯರ ಚಿತ್ರಗಳನ್ನು ಹಾಕಿ ಜನರನ್ನು ಹೆದರಿಸಿ ಬಹಳ ಹಣ ಗಳಿಸಿದರು. ಮನುಷ್ಯನ ನಾಚಿಕೆಗಿಂತ ಒಳ್ಳೆಯ ಗಿರಾಕಿಯಿಲ್ಲವೆಂದು ಅಂಗಡಿಯವನು ಬಲ್ಲನು. ಅಂಥ ನೀರು ಕೆಟ್ಟದ್ದೆಂದು ನಾನು ಹೇಳುವದಿಲ್ಲ. ನಾಲಿಗೆಯನ್ನು ಹೆರೆಯದೆ ಅದನ್ನು ಕೊಳ್ಳುವದು ದುಂದು ಎಂದು ಮಾತ್ರ ಹೇಳುವೆನು.

ಜಗಿಯುವ ಪದಾರ್ಥಗಳು

ಲವಂಗ, ಏಲಕ್ಕಿ, ಬಡೆಸೋಂಪು, ಪುದೀನ, ತುಳಸಿ ಇವುಗಳನ್ನು ಜಗಿದರೆ ಸ್ವಲ್ಪ ಹೊತ್ತು ಪರಿಮಳವಿರುವದು. ಇವು ಜೊಲ್ಲನ್ನು ಹೆಚ್ಚಿಸುವವು. ಲವಂಗದ ಎಣ್ಣೆಯಲ್ಲಿ ಕ್ರಿಮಿಗಳನ್ನು ಕುಗ್ಗಿಸುವ ಶಕ್ತಿಯೂ ಉಂಟು. ಊಟದ ತರುವಾಯ ಒಂದು ಲವಂಗವನ್ನು ದವಡೆಯಲ್ಲಿ ಇಟ್ಟುಕೊಳ್ಳುವದು ಒಳ್ಳೇದು. ಲವಂಗದ ಎಣ್ಣೆಯನ್ನೇ ಹಾಗೆಯೇ ಒಸಡಿಗೆ ಹಚ್ಚಿದರೆ ಸುಡುವದು. ಇವೆಲ್ಲವೂ ಮುಸುಕುಗಳೆಂದು ತಿಳಿಯಿರಿ: ಹುಳುಕುಹಲ್ಲಿನ ಮೇಲೆ ಏಲಕ್ಕಿಯನ್ನು ಜಗಿಯುವವನು, ಸತ್ತ ಇಲಿಯಿರುವ ಕೋಣೆಯಲ್ಲಿ ಊದುಬತ್ತಿ ಹಚ್ಚಿದಂತೆ ಮಾಡುತ್ತಾನೆ.

ಬೆಳ್ಳುಳ್ಳಿ ಉಳ್ಳಾಗಡ್ಡಿಗಳ ಸಂಗತಿ ಬೇರೆ. ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ಐಗುಪ್ತದಲ್ಲಿ ತಿಂದ ಇವುಗಳನ್ನು ನೆನಸಿ ಅತ್ತರಷ್ಟೇ. ಜೋಳದ ರೊಟ್ಟಿ ತಿನ್ನುವ ನಮಗೆ ಅವರ ದುಃಖ ಚೆನ್ನಾಗಿ ಅರ್ಥವಾಗುವದು. ಬೆಳ್ಳುಳ್ಳಿ ಜೀರ್ಣವಾಗುವಾಗ ಹುಟ್ಟುವ ಒಂದು ಗಂಧಕದ ಅನಿಲವು ರಕ್ತಕ್ಕೆ ಸೇರಿ, ರಕ್ತದಿಂದ ಶ್ವಾಸಕೋಶಕ್ಕೆ ಹೋಗಿ, ಉಸಿರಿನಲ್ಲಿ ಹೊರಬರುವದು. ಹೀಗಿರಲಾಗಿ ಎಷ್ಟು ಸಾರಿ ಬಾಯಿ ತೊಳೆದರೂ ಅದು ಒಂದು ದಿನದ ತನಕ ನಿಲ್ಲಬಹುದು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು 2010ರಲ್ಲಿ, ಬೆಳ್ಳುಳ್ಳಿಯ ಸಂಗಡ ಹಾಲು ಕುಡಿದರೆ ಈ ವಾಸನೆ ಕಡಿಮೆಯಾಗುವದೆಂದು ತೋರಿಸಿದರು. ಕೆನೆ ತೆಗೆಯದ ಹಾಲು ಮೇಲು, ಉಂಡ ಮೇಲೆ ಕುಡಿಯುವದಕ್ಕಿಂತ ಉಣ್ಣುವಾಗಲೇ ಕುಡಿಯುವದು ಮೇಲು. ಹಸೀ ಸೇಬುಹಣ್ಣಿಗೂ ಪುದೀನ ಎಲೆಗೂ ಈ ಗುಣವುಂಟು. 2023ರಲ್ಲಿ ಅಲ್ಲಿಯವರೇ ಮೊಸರನ್ನು ಸೀಸೆಯೊಳಗೆ ಪರೀಕ್ಷಿಸಿ ಅದರಲ್ಲಿಯೂ ಇದೇ ಶಕ್ತಿಯನ್ನು ಕಂಡರು. ರೊಟ್ಟಿಗೆ ಬೆಳ್ಳುಳ್ಳಿ ಚಟ್ನಿಯನ್ನೂ ಅದರ ಮೇಲೆ ಗಟ್ಟಿ ಮೊಸರನ್ನೂ ಬಡಿಸಿದ ನಮ್ಮ ಅಜ್ಜಿಯಂದಿರು ಸೀಸೆಯಿಲ್ಲದೆಯೇ ಇದನ್ನು ಮಾಡುತ್ತಿದ್ದರು.

ಎಲೆ, ಅಡಿಕೆ, ಹೊಗೆಸೊಪ್ಪು

ಬಾಯಿವಾಸನೆಗೆ ಎಲೆ ಅಡಿಕೆ ಹಾಕಿಕೊಂಡರಾಯಿತೆಂದು ಹೇಳುವವರು ಬಹಳ. ಎಲೆಯ ಮಾತು ಹೇಗಾದರೂ ಇರಲಿ, ಅಡಿಕೆಯ ವಿಷಯದಲ್ಲಿ ಸುಮ್ಮನಿರಲಾರೆನು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2004ರಲ್ಲಿ, ಹೊಗೆಸೊಪ್ಪು ಸೇರದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಹುಟ್ಟಿಸುವ ಪದಾರ್ಥವೆಂದು ಪ್ರಕಟಿಸಿತು. ಅಡಿಕೆ ಜಗಿಯುವವರ ಕೆನ್ನೆಯ ಒಳಚರ್ಮವು ತೊಗಲಿನಂತೆ ಬಿಗಿದು ಬಾಯಿ ತೆರೆಯದಂತಾಗುವದುಂಟು. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡಲಾಗದಿದ್ದರೆ ತಡಮಾಡದೆ ದವಾಖಾನೆಗೆ ಹೋಗಿರಿ. ಇನ್ನು ಕಡ್ಡಿಪುಡಿ, ನಶ್ಯ, ಬೀಡಿ ಇವು ವಾಸನೆಯನ್ನು ಮುಚ್ಚುವದಿಲ್ಲ, ಅದನ್ನು ಹೆಚ್ಚಿಸುವವು. ಬಾಯನ್ನು ಒಣಗಿಸುವವು, ಒಸಡನ್ನು ಕೆಡಿಸುವವು. ಬೀಡಿಯಲ್ಲಿ ಇನ್ನೊಂದು ಮೋಸವೂ ಉಂಟು. ಅದನ್ನು ಸೇದುವವನ ಒಸಡು ರೋಗವಿದ್ದರೂ ಹೆಚ್ಚು ರಕ್ತ ಸುರಿಸದು. ಆದದರಿಂದ ಹಲ್ಲು ಅಲ್ಲಾಡುವ ತನಕ ಅವನಿಗೆ ರೋಗದ ಗುರುತೇ ಸಿಕ್ಕದು. ನಶ್ಯದಿಂದ ಹಲ್ಲುಜ್ಜುವ ಅಜ್ಜಿಯರು, "ಇದನ್ನು ಬಿಟ್ಟರೆ ಹಲ್ಲು ನೋಯುತ್ತದೆ" ಎನ್ನುವರು. ಆ ನೋವೇ ಹಲ್ಲಿನ ರೋಗದ ಸಾಕ್ಷಿ. ನಶ್ಯವು ಅದರ ಬಾಯಿ ಮುಚ್ಚಿಸುತ್ತಿತ್ತು ಅಷ್ಟೇ.

ಮನೆಮದ್ದು ಸಾಲದೆ ಇರುವಲ್ಲಿ

ಗಟ್ಟಿಯಾದ ಪಾಚಿಯನ್ನು ಯಾವ ಕಡ್ಡಿಯೂ ಯಾವ ಕಷಾಯವೂ ತೆಗೆಯಲಾರದು. ದಂತವೈದ್ಯನ ಉಪಕರಣವೇ ಬೇಕು. ಕೆರೆಸಿದರೆ ಹಲ್ಲು ಸಡಿಲಾಗುವದೆಂಬ ಹೆದರಿಕೆ ಎಲ್ಲೆಲ್ಲಿಯೂ ಇದೆ. ಸಂಗತಿ ಏನಂದರೆ, ಒಸಡಿನ ರೋಗದಿಂದ ಹಲ್ಲು ಮೊದಲೇ ಸಡಿಲಾಗಿದ್ದು, ಪಾಚಿಯು ಗೋಡೆಯ ಬಿರುಕನ್ನು ಮುಚ್ಚಿದ ಮಣ್ಣಿನಂತೆ ಅದನ್ನು ಮರೆಮಾಡಿರುವದು. ಬಸುರಿಯರಿಗೆ ಒಸಡು ಬೇಗ ಊದುವದು. ಆ ತಿಂಗಳುಗಳಲ್ಲಿ ರಕ್ತ ಬರುವದೆಂದು ಹಲ್ಲುಜ್ಜುವದನ್ನು ಬಿಡದೆ, ಮೆಲ್ಲಗೆ ಹೆಚ್ಚು ಶ್ರದ್ಧೆಯಿಂದ ಉಜ್ಜಬೇಕು. ಮೇಲಿನ ಸೊಸೆಯ ಕಷ್ಟವು ಅಲ್ಲಿಂದಲೇ ಬೆಳೆದಿರಬೇಕೆಂದು ನನಗೆ ತೋರುತ್ತದೆ. ಕಟ್ಟಿಸಿದ ಹಲ್ಲುಗಳುಳ್ಳ ಹಿರಿಯರು ರಾತ್ರಿ ಅವುಗಳನ್ನು ತೆಗೆದು, ತಿಕ್ಕಿ ತೊಳೆದು, ನೀರಲ್ಲಿ ಇಟ್ಟು ಮಲಗಬೇಕು.

ಗಂಟಲಿನ ಪಕ್ಕದ ಗ್ರಂಥಿಗಳಿಂದ ಅಕ್ಕಿಕಾಳಿನಂಥ ಬಿಳೀ ಚೂರುಗಳು ಬಂದು ಬಹಳ ನಾರಿದರೆ ಹೆದರಬೇಡಿರಿ, ಉಪ್ಪುನೀರಿನಿಂದ ಗಳಗಳಿಸಿರಿ. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿದರೆ, ಮಗುವು ಕಡಲೆಯನ್ನೋ ಹುಣಿಸೆಬೀಜವನ್ನೋ ಮೂಗಿಗೆ ತುರುಕಿಕೊಂಡಿರುವದು ಸಾಮಾನ್ಯ. ನೀವೇ ಕಡ್ಡಿ ಹಾಕಿ ಕೀಳಬೇಡಿರಿ, ಅದು ಇನ್ನೂ ಒಳಗೆ ಹೋಗುವದು. ಸಕ್ಕರೆ ರೋಗವುಳ್ಳವನ ಉಸಿರು ಕೊಳೆತ ಹಣ್ಣಿನಂತೆ ಸಿಹಿಯಾಗಿ ನಾರಿ, ವಾಂತಿ, ಬಹು ದಾಹ, ಏದುಸಿರು ಇದ್ದರೆ ಅದೇ ದಿನ ದವಾಖಾನೆಗೆ ಒಯ್ಯಿರಿ. ಬೆಳಗಾಗುವ ತನಕ ಕಾಯಬೇಡಿರಿ. ಮೂತ್ರದ ಹಾಗೆ ನಾರುವ ಉಸಿರು ಮೂತ್ರಪಿಂಡದ ರೋಗದ ಗುರುತಾಗಬಹುದು. ಕೆಮ್ಮಿನ ಕಫವೇ ನಾರುತ್ತಿದ್ದರೆ ಶ್ವಾಸಕೋಶವನ್ನು ಪರೀಕ್ಷಿಸಬೇಕು. ಎರಡು ವಾರಗಳಲ್ಲಿ ಮಾಯದ ಬಾಯಿಹುಣ್ಣನ್ನು ಯಾವ ಮನೆಮದ್ದಿಗೂ ಒಪ್ಪಿಸಬೇಡಿರಿ.

ಹೇಳುವದು ಹ್ಯಾಗೆ

ಇದೇ ಎಲ್ಲಕ್ಕಿಂತ ಕಷ್ಟ. ಗಂಡನಿಗೆ ಹೆಂಡತಿಯೂ ಹೆಂಡತಿಗೆ ಗಂಡನೂ ಹೇಳಬೇಕು. ಅತ್ತೆಯು ಸೊಸೆಗೆ ಹೇಳುವದಾದರೆ ತಾಯಿಯ ಬಾಯಿಂದ ಹೇಳಲಿ, ನೆರೆಮನೆಯವಳ ಮುಂದೆ ಬೇಡ. ಏಕಾಂತದಲ್ಲಿ, ಒಂದೇ ಮಾತಿನಲ್ಲಿ, ನಗೆಯಿಲ್ಲದೆ ಹೇಳಿ, ಆ ಕೂಡಲೇ ಉಪಾಯವನ್ನೂ ತಿಳಿಸಬೇಕು: "ನಿನ್ನ ಬಾಯಿ ಸ್ವಲ್ಪ ವಾಸನೆ ಬರುತ್ತದೆ, ನಾಲಿಗೆ ಹೆರೆದು ನೋಡು, ಒಸಡಿನಲ್ಲಿ ರಕ್ತ ಬಂದರೆ ಶುಕ್ರವಾರ ಇಬ್ಬರೂ ದವಾಖಾನೆಗೆ ಹೋಗುವ." ಶಾಲೆಯಲ್ಲಿ ಹುಡುಗನನ್ನು ಎಲ್ಲರ ಮುಂದೆ ನಿಲ್ಲಿಸಿ ಬಾಯಿ ತೊಳೆದು ಬಾ ಎನ್ನುವ ಉಪಾಧ್ಯಾಯನು ಆ ಹುಡುಗನಿಂದ ಮುಂದೆ ಒಂದು ಉತ್ತರವನ್ನೂ ಕೇಳಲಾರನು.

ಇನ್ನು ಲೂವೆನ್ನಿನ ಆ ನೂರಕ್ಕೆ ಹದಿನಾರು ಮಂದಿ. ಯಾರೋ ಪಕ್ಕದಲ್ಲಿ ಮೂಗು ಒರಸಿಕೊಂಡರೆ ತನ್ನ ಬಾಯೇ ನಾರಿತೆಂದು ನಡುಗುವವರು ನಮ್ಮಲ್ಲಿಯೂ ಇದ್ದಾರೆ. ಜನರ ಕೂಟಕ್ಕೆ ಬಾರದೆ, ಕಡೆಯ ಸಾಲಿನಲ್ಲಿ ಒಂಟಿಯಾಗಿ ಕುಳಿತು, ದಿನಕ್ಕೆ ಹತ್ತು ಸಾರಿ ಹಲ್ಲುಜ್ಜಿ ಒಸಡನ್ನು ಹುಣ್ಣುಮಾಡಿಕೊಳ್ಳುವರು. ಅಂಥವರು ಕೇಳಿದಾಗ ನಕ್ಕು ಹಾರಿಸಬೇಡಿರಿ. ಹತ್ತಿರ ಹೋಗಿ ನಿಂತು, ಮಾತಾಡಿಸಿ, ವಾಸನೆಯಿಲ್ಲದಿದ್ದರೆ ಇಲ್ಲವೆಂದು ಸ್ಪಷ್ಟವಾಗಿ ಹೇಳಿರಿ. ಮರುದಿನ ಕೇಳಿದರೆ ಮರುದಿನವೂ ಹೇಳಿರಿ. ಆದರೂ ನಂಬದಿದ್ದರೆ ಅವರನ್ನು ವೈದ್ಯರ ಹತ್ತಿರ ಕರಕೊಂಡು ಹೋಗಬೇಕು, ಯಾಕಂದರೆ ಆ ಭಯವೂ ಚಿಕಿತ್ಸೆಯಿರುವ ಒಂದು ರೋಗವೇ.

ಆ ಸೊಸೆಯನ್ನು ಕರೆಯುವದಕ್ಕೆ ಗಂಡನೇ ಹೋದನು. ಅವಳು ಆ ದಿನ ಹೊರಡಲಿಲ್ಲ. ತನಗೆ ಹೇಳದೆ ಪಡಸಾಲೆಯಲ್ಲಿ ಮಲಗಿದ್ದು ಯಾಕೆಂದು ಮೊದಲು ಕೇಳಿದಳಂತೆ. ಅವನಿಗೆ ಉತ್ತರ ಸಿಕ್ಕಿದ್ದು ಮೂರನೆಯ ದಿವಸ. ನಾಲ್ಕನೆಯ ದಿವಸ ಇಬ್ಬರೂ ಮಕ್ಕಳೊಂದಿಗೆ ಬಸ್ಸು ಹತ್ತಿದರು.